ನಲವತ್ತೊಂದನೆಯ ಗುಂಡಿ

ಆ ಗುಂಡಿಗೆ ಗಿಡ ಇಡಬೇಡಿ ಎಂದು ನಂಜಮ್ಮ ಮೂರು ಸಲ ಹೇಳಿದಳು. ಮೊದಲ ಸಲ ಪಂಚಮಿ ಕೇಳಿಸಿಕೊಳ್ಳಲಿಲ್ಲ. ಎರಡನೆಯ ಸಲ ಸುಮ್ಮನೆ ತಲೆಯಾಡಿಸಿದಳು. ಮೂರನೆಯ ಸಲ ನಕ್ಕುಬಿಟ್ಟಳು.

ಸುಲಭಕ್ಕೆ ನಗುವ ಹುಡುಗಿಯಲ್ಲ ಅವಳು. ನಾಲ್ಕು ಜನರ ನಡುವೆ ಮಾತಾಡಬೇಕಾಗಿ ಬಂದರೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಸಿದ್ಧವಾಗುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೊರಳಿರುತ್ತಿತ್ತು. ಇತಿಹಾಸದಲ್ಲಿ ಎಂ.ಎ. ಮುಗಿಸಿ ಎರಡು ವರ್ಷ ಅರಸೀಕೆರೆಯ ಮನೆಯಲ್ಲಿ ಅಮ್ಮನ ಜೊತೆ ಕೂತಿದ್ದಕ್ಕೂ ಅದೇ ಕಾರಣ. ಸಂದರ್ಶನಗಳಲ್ಲಿ ಬಾಯಿ ಬರುತ್ತಿರಲಿಲ್ಲ. ಬೆಳ್ಳೆಕಾನು ಎಸ್ಟೇಟಿನ ಈ ಕೆಲಸ ಇಮೇಲಿನಲ್ಲೇ ಮಾತು ಮುಗಿದಿದ್ದರಿಂದ ಸಿಕ್ಕಿತು.

ಜಾವಳಿಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಹೆಗಲ ಮೇಲಿದ್ದ ಎಸ್ಟೇಟು ಅದು. ಈಗಿನ ಯಜಮಾನ ಸುಪ್ರೀತ್ ಹಳೆಯ ಇಂಗ್ಲಿಷ್ ಬಂಗಲೆಯನ್ನು ಹೋಂಸ್ಟೇ ಮಾಡುತ್ತಿದ್ದ. ಬರುವ ಅತಿಥಿಗಳಿಗೆ ಎಸ್ಟೇಟಿನ ಚರಿತ್ರೆಯ ಒಂದು ಪುಸ್ತಕ ಬೇಕು, ಜೊತೆಗೆ ಒಂದು ಹೆರಿಟೇಜ್ ವಾಕ್. ಬಂಗಲೆಯಿಂದ ಹೊರಟು, ಪಾಚಿ ಹಿಡಿದ ಇಂಗ್ಲಿಷರ ಮೂರು ಗೋರಿಗಳನ್ನು ದಾಟಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸ್ ಬಳಸಿ, ಕೊನೆಗೆ ತಾರಂಬಿ ಸಾಲಿಗೆ. ಥಾರ್ನ್‌ಬಿ ಎಂಬ ದೊರೆ ನೂರೆಪ್ಪತ್ತು ವರ್ಷದ ಹಿಂದೆ ಇಲ್ಲಿಯ ಕಾಡು ಕಡಿಸಿ ನೆಡಿಸಿದ ಮೊಟ್ಟಮೊದಲ ಕಾಫಿ ಸಾಲು ಅದು. ಜನರ ಬಾಯಲ್ಲಿ ಥಾರ್ನ್‌ಬಿ ಸವೆದು ತಾರಂಬಿಯಾಗಿದ್ದ. ಗಿಡಗಳು ಆಗಿನವಲ್ಲ, ಎಷ್ಟೋ ಸಲ ಬದಲಾಗಿವೆ. ಗುಂಡಿಗಳು ಮಾತ್ರ ಆಗಿನವೇ. ಅರವತ್ತು ಗುಂಡಿ, ಐವತ್ತೊಂಬತ್ತು ಗಿಡ.

ನಲವತ್ತೊಂದನೆಯದು ಬಾಯಿ ತೆರೆದುಕೊಂಡಿತ್ತು.

ತೋಟದ ಬೇರೆಲ್ಲ ಕಡೆ ಗಿಡ ಸತ್ತರೆ ಮಳೆ ಹಿಡಿದ ಕೂಡಲೇ ಆ ಜಾಗಕ್ಕೆ ಹೊಸ ಗಿಡ ಬೀಳುತ್ತಿತ್ತು, ಖಾಲಿ ಬಿಟ್ಟ ಮೇಸ್ತ್ರಿಗೆ ಬೈಗುಳವೂ ಬೀಳುತ್ತಿತ್ತು. ಈ ಒಂದು ಗುಂಡಿಯಲ್ಲಿ ಮಾತ್ರ ಪ್ರತಿ ಮಳೆಗಾಲ ಜರಿದ ಮಣ್ಣನ್ನು ಎತ್ತಿ ಹಾಕಿ, ಅದನ್ನು ಖಾಲಿಯಾಗಿಯೇ ಇಡುವುದು ವಾಡಿಕೆ. ಆ ಕೆಲಸ ನಂಜಮ್ಮನದು. ಅರವತ್ತು ದಾಟಿದ, ಒಣಗಿದ ಕಡ್ಡಿಯಂಥ ಹೆಂಗಸು. ಯಾಕೆ ಖಾಲಿ ಬಿಡುತ್ತೀರಿ ಎಂದು ಪಂಚಮಿ ಕೇಳಿದ್ದಕ್ಕೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಲಿನ ಕಡೆ ನೋಡದೆ, ಅವಳು ಕತೆ ಹೇಳಿದಳು.

ಕಾಡು ಕಡಿಯುವಾಗ ಜ್ವರ ಬಂದು ಜನ ದಿನಕ್ಕೊಬ್ಬರಂತೆ ಸಾಯುತ್ತಿದ್ದರಂತೆ. ಕರಿಯ ಅನ್ನುವ ಹುಡುಗ ಸತ್ತ ದಿನ ಸುಡುವುದಕ್ಕಾಗಲಿ ಹೂಳುವುದಕ್ಕಾಗಲಿ ದೊರೆ ಬಿಡುವು ಕೊಡಲಿಲ್ಲ. ತೋಡಿಟ್ಟಿದ್ದ ಕಾಫಿ ಗುಂಡಿಗೇ ಹೆಣ ಮಡಚಿ ಹಾಕಿಸಿ, ಮಣ್ಣೆಳೆಸಿ, ಮೇಲೆ ಗಿಡ ನೆಡಿಸಿದ. ಮಾರನೆಯ ಬೆಳಿಗ್ಗೆ ಘಟ್ಟದ ಕೆಳಗಿನಿಂದ ಬಂದ ಹೊಸ ಆಳೊಬ್ಬನನ್ನು ಕರಿಯನ ಜಾಗದಲ್ಲಿ ನಿಲ್ಲಿಸಿ, ಇನ್ನು ನೀನೇ ಕರಿಯ ಅಂದ. ಹಾಜರಿ ಕೂಗಿದಾಗ ಕರಿಯ ಅನ್ನುವ ಹೆಸರಿಗೆ ಯಾವನೋ ಓಗೊಟ್ಟ. ಅದೇ ಸಾಲಿನಲ್ಲಿ ಕರಿಯನ ತಾಯಿ ನಿಂತಿದ್ದಳು. ಕೇಳಿಸಿಕೊಂಡಳು. ಅಳಲಿಲ್ಲ. ಘಟ್ಟ ಇಳಿದು ಹೋದವಳು ಎಂಟು ದಿನದ ಮೇಲೆ ಒಬ್ಬ ಮಾಟಗಾರನ ಹತ್ತಿರ ಬರೆಸಿದ ಸೀಸದ ತಗಡನ್ನೂ, ಮಗ ಹುಟ್ಟಿದಾಗ ಒಣಗಿಸಿಟ್ಟಿದ್ದ ಹೊಕ್ಕುಳ ಬಳ್ಳಿಯನ್ನೂ ಆ ಗುಂಡಿಯಲ್ಲಿ ಹುಗಿದಳು. ಅವತ್ತೇ ಗಿಡ ಸುಟ್ಟುಹೋಯಿತು.

"ಏನಂತ ಹುಗಿದ್ಲು ಗೊತ್ತಾ ಅಮ್ಮಾರೆ? ನನ್ನ ಮಗನ ಜಾಗ ತುಂಬಿದವರ ಜಾಗಾನ ಇನ್ನೊಬ್ರು ತುಂಬ್ಲಿ ಅಂತ."

ಆಗಲೇ ಪಂಚಮಿ ನಕ್ಕಿದ್ದು. "ಕಾಫಿ ತೋಟ ಇರೋ ಕಡೆಯೆಲ್ಲ ಇಂಥದ್ದೊಂದು ಕತೆ ಇರುತ್ತೆ ನಂಜಮ್ಮ. ನನ್ನ ಜಾಗ ಅಂತ ಇರೋದಾದ್ರೂ ಎಲ್ಲಿ? ಯಾರಾದ್ರೂ ಬಂದು ತುಂಬ್ತೀನಿ ಅಂದ್ರೆ ತುಂಬ್ಲಿ ಬಿಡಿ."

"ಹಂಗನ್ಬೇಡಿ" ಎಂದಳು ನಂಜಮ್ಮ, ತೀರ ಮೆಲ್ಲಗೆ. "ಅದು ಕೇಳಿಸ್ಕಳ್ತದೆ."

ಮುಂದಿನ ವಾರದ ಭಾನುವಾರಕ್ಕೆ ಮೊದಲ ತಂಡದ ಅತಿಥಿಗಳು ಬರುವುದಿತ್ತು, ಇನ್ನು ಹನ್ನೆರಡೇ ದಿನ. ಸಾಲಿನ ಫೋಟೋ ತೆಗೆದಾಗಲೆಲ್ಲ ಹಲ್ಲು ಬಿದ್ದ ಬಾಯಿಯ ಹಾಗೆ ನಡುವೆ ಒಂದು ಸಂದು. ಖಾಲಿ ಬಿಟ್ಟ ಜಾಗ ಕಂಡರೆ ಪಂಚಮಿಗೆ ಮೊದಲಿನಿಂದಲೂ ಕಿರಿಕಿರಿ, ಅರ್ಜಿಯಲ್ಲಾಗಲಿ ವಂಶವೃಕ್ಷದಲ್ಲಾಗಲಿ. ಒಂದು ಗಿಡ ಇಟ್ಟುಬಿಡೋಣವೇ ಎಂದು ಸುಪ್ರೀತನನ್ನು ಕೇಳಿದಳು. ಅವನು ಮೊಬೈಲಿನಿಂದ ತಲೆಯೆತ್ತದೆ, ಅಪ್ಪ ಇದ್ದಿದ್ದರೆ ಬೂಟು ತೆಗೆದು ಹೊಡೆಯುತ್ತಿದ್ದರು ಎಂದ. ಆಮೇಲೆ ನಕ್ಕ.

"ನಾನಂತೂ ಮುಟ್ಟಲ್ಲ ಮಾರಾಯ್ತಿ. ನೀವು ಇಡ್ತೀರಾದ್ರೆ ಇಡಿ. ನಾನು ನೋಡಿಲ್ಲ, ಅಷ್ಟೆ."

ಮಾರ್ಚ್ ತಿಂಗಳಲ್ಲಿ ಯಾರೂ ಕಾಫಿ ಗಿಡ ನೆಡುವುದಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ. ನರ್ಸರಿಯಿಂದ ಮೊಣಕಾಲೆತ್ತರದ ಬುಟ್ಟಿಗಿಡವೊಂದನ್ನು ಎದೆಗವಚಿಕೊಂಡು ಒಬ್ಬಳೇ ಇಳಿದಳು. ಆಳುಗಳಲ್ಲಿ ಒಬ್ಬರೂ ಜೊತೆಗೆ ಬರಲಿಲ್ಲ. ನಡುಹಗಲು. ಸಿಲ್ವರ್ ಓಕಿನ ಒಣಗಿದೆಲೆ ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿತ್ತು. ಮಣ್ಣು ಮುಟ್ಟಿದರೆ ಬಿಸಿ. ಗುಂಡಿಯೊಳಗೆ ಕೈ ಇಳಿಸಿದರೆ ಮಾತ್ರ ಬಾವಿಯ ಕಲ್ಲು ಮುಟ್ಟಿದ ಹಾಗೆ ತಣ್ಣಗಿತ್ತು. ತಣಿದ ಬೂದಿಯ, ಹಳೆಯ ಕರ್ಪೂರದ, ಅದರಡಿಯಲ್ಲಿ ಇನ್ನೇನೋ ಕೊಳೆತದ್ದರ ವಾಸನೆ. ಅವಳು ಗಿಡ ಇಳಿಸಿದಳು, ಎರಡೂ ಕೈಯಿಂದ ಮಣ್ಣೆಳೆದಳು, ಪಾದದಿಂದ ಒತ್ತಿದಳು, ಒಂದು ಕೊಡ ನೀರು ಹೊಯ್ದಳು.

ಸೊಂಟ ನೆಟ್ಟಗೆ ಮಾಡಿ ನಿಂತಾಗ ಜೀರುಂಡೆಗಳ ಸದ್ದು ನಿಂತಿತ್ತು. ಯಾವಾಗ ನಿಂತಿತೋ. ಸಾಲಿನುದ್ದಕ್ಕೂ, ಒಂದು ಗಿಡದಿಂದ ಇನ್ನೊಂದಕ್ಕೆ, ಯಾರೋ ಬಹಳ ದಿನ ಕಟ್ಟಿಟ್ಟುಕೊಂಡ ಉಸಿರು ಬಿಟ್ಟಂತೆ ಎಲೆಗಳು ಒಮ್ಮೆ ಅಲುಗಿದವು. ಗಾಳಿ ಇರಲಿಲ್ಲ. ಎಣಿಸಿದಳು. ಅರವತ್ತು. ಫೋಟೋ ತೆಗೆದಳು.

ಮಾರನೆಯ ಮಧ್ಯಾಹ್ನ ಊಟಕ್ಕೆ ಹೋದರೆ ಬಂಗಲೆಯ ಅಡುಗೆಯ ಪಾಪಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈಗಷ್ಟೇ ಉಂಡು ಹೋದ್ರಲ್ಲ? ಗುಜ್ಜೆ ಪಲ್ಯ ಎರಡು ಸಲ ಹಾಕಿಸ್ಕೊಂಡ್ರಿ. ಎಂಥ, ಇನ್ನೊಂದು ಹೊಟ್ಟೆ ಇಟ್ಕೊಂಡಿದೀರಾ?"

ತಮಾಷೆ ಎಂದುಕೊಂಡಳು ಪಂಚಮಿ. ಆದರೆ ತೊಳೆಯುವ ಕಲ್ಲಿನ ಮೇಲೆ ಅವಳು ದಿನವೂ ಉಣ್ಣುತ್ತಿದ್ದ ತಟ್ಟೆ ಕವುಚಿತ್ತು, ಇನ್ನೂ ನೀರು ಸೋರುತ್ತಿತ್ತು.

ಮೂರನೆಯ ದಿನ ಸಂಜೆ ಮೊದಲ ಮಳೆ ಬಂತು. ಕಾಫಿಯವರು ವರ್ಷವೆಲ್ಲ ಕಾಯುವ ಹೂಮಳೆ, ಒಂದು ತಾಸು ಸುರಿದು ನಿಂತಿತು. ಆ ಮಳೆ ನೋಡುತ್ತ ಬಂಗಲೆಯ ಜಗಲಿಯಲ್ಲಿ ಸುಪ್ರೀತ್ ಅವಳ ಕಡೆ ತಿರುಗಿ, ನಿನ್ನೆ ನೀವು ಹೇಳಿದ ಕುದುರೆಯ ಕತೆಗೆ ಇನ್ನೂ ನಗು ಬರುತ್ತಿದೆ ಎಂದ. ನೀವು ಇಷ್ಟು ಮಾತಾಡುತ್ತೀರಿ ಅಂತ ಗೊತ್ತೇ ಇರಲಿಲ್ಲ ಎಂದ. ಥಾರ್ನ್‌ಬಿಯ ಕುದುರೆಯ ಕತೆ ಅವಳಿಗೆ ಗೊತ್ತಿದ್ದದ್ದು ನಿಜ. ಅದನ್ನು ಯಾರಿಗಾದರೂ ಹೇಳಬೇಕೆಂದು ಒಂದು ವಾರದಿಂದ ಮನಸ್ಸಿನಲ್ಲೇ ತಿದ್ದುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಅವತ್ತು ಏಳು ಗಂಟೆಗೆ ಅಮ್ಮನಿಗೆ ಫೋನ್ ಮಾಡಿದಳು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಇಬ್ಬರೇ, ನಿವೃತ್ತ ಟೀಚರಾದ ಸುಶೀಲಾ ಮತ್ತು ಅವಳು. ಏಳು ಗಂಟೆಯ ಆ ಐದು ನಿಮಿಷಕ್ಕೆ ಅಮ್ಮ ದಿನವಿಡೀ ಕಾಯುತ್ತಾಳೆಂದು ಪಂಚಮಿಗೆ ಗೊತ್ತು. ಊಟ ಆಯ್ತಾ, ಆಯ್ತು, ಯುಗಾದಿಗೆ ಬರ್ತೀಯಲ್ಲ, ಬರ್ತೀನಿ. ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಪ್ರೀತಿ ಇಲ್ಲವೆಂದಲ್ಲ. ಅದು ಮಾತಾಗುತ್ತಿರಲಿಲ್ಲ.

"ಮತ್ತೆ ಮಾಡಿದ್ಯಾ ಪಂಚೂ?" ಎಂದಳು ಅಮ್ಮ. ದನಿಯಲ್ಲಿ ಅಪರೂಪದ ಬೆಳಕು. "ಮಧ್ಯಾಹ್ನ ಅಷ್ಟು ಹೊತ್ತು ಮಾತಾಡಿದ್ದೇ ನಂಗೆ ಹೊಟ್ಟೆ ತುಂಬಿತ್ತು ಕಣೆ. ಅಪ್ಪ ಹೋದ ದಿನ ನಿಂಗೆ ಅನ್ಸಿದ್ದೆಲ್ಲ ಹೇಳ್ದೆಯಲ್ಲ. ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

ಪಂಚಮಿ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಮಧ್ಯಾಹ್ನ ಎರಡೂ ಹತ್ತಕ್ಕೆ ಅಮ್ಮನಿಗೆ ಹೋದ ಕರೆ. ಒಂದು ಗಂಟೆ ನಾಲ್ಕು ನಿಮಿಷ. ಆ ಹೊತ್ತಿನಲ್ಲಿ ಅವಳು ಬಂಗಲೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ದೊರೆಯ ಗೆದ್ದಲು ಹಿಡಿದ ಕಾಗದಗಳನ್ನು ಬಿಡಿಸುತ್ತ ಕೂತಿದ್ದಳು. ಫೋನು ಅವಳ ರೂಮಿನಲ್ಲಿತ್ತು.

ನಿದ್ದೆ ಕೆಟ್ಟಿತು. ಕೂತರೆ ಎದ್ದೇಳಬೇಕು, ಎದ್ದರೆ ಬೆನ್ನ ಹಿಂದೆ ನೋಡಬೇಕು. ಬಿಸಿಲಿಗೆ ತಲೆ ಕೆಟ್ಟಿರಬೇಕು, ಮಾಡಿದ್ದು ಮರೆಯುತ್ತಿರಬೇಕು ಎಂದು ತನಗೇ ಸಮಾಧಾನ ಹೇಳಿಕೊಂಡಳು. ಬೆಳಿಗ್ಗೆ ಪುಸ್ತಕದ ಕರಡು ತೆರೆದಳು. ಎರಡು ವಾರದಿಂದ ಸಿಕ್ಕಿಕೊಂಡಿದ್ದ ನಾಲ್ಕನೆಯ ಅಧ್ಯಾಯ ಮುಗಿದಿತ್ತು. ಅವಳದೇ ಅಕ್ಷರ. ಅವಳದೇ ಪೆನ್ನು. ಆದರೆ ಹನ್ನೊಂದು ಪುಟದಲ್ಲಿ ಒಂದೇ ಒಂದು ಪದವನ್ನೂ ಹೊಡೆದುಹಾಕಿರಲಿಲ್ಲ. ಚೆನ್ನಾಗಿತ್ತು. ಅವಳು ಎಂದೂ ಬರೆಯಲಾಗದಷ್ಟು ಚೆನ್ನಾಗಿತ್ತು.

ಕೊನೆಯ ಪುಟದಲ್ಲಿದ್ದದ್ದು ಯಾವ ದಾಖಲೆಯಲ್ಲೂ ಇರಲಿಲ್ಲ. ಕರಿಯನ ತಾಯಿ ತಗಡು ಹುಗಿದ ಮೇಲೆ ಸುಟ್ಟ ಗಿಡದ ಜಾಗಕ್ಕೆ ಥಾರ್ನ್‌ಬಿ ತಾನೇ ಕೈಯಾರೆ ಇನ್ನೊಂದು ಗಿಡ ಇಟ್ಟನಂತೆ. ಮುಂದಿನ ತಿಂಗಳು ಅವನು ಮಂಗಳೂರಿನಿಂದ ಹಡಗು ಹತ್ತಿ ಊರಿಗೆ ಹೋದ. ಅಲ್ಲಿ ಮದುವೆಯಾದ, ಮಕ್ಕಳಾದವು, ಮುದುಕನಾಗಿ ಸತ್ತ. ಆದರೆ ಹಡಗು ಹೊರಟ ಮೂರು ದಿನಕ್ಕೆ ಬಂಗಲೆಯ ಬಾಗಿಲಿಗೆ ಬರಿಗಾಲಿನ ಬಿಳಿಯನೊಬ್ಬ ಬಂದು, ನಾನೇ ಥಾರ್ನ್‌ಬಿ ಎಂದು ಅತ್ತ. ಅವನ ನಾಯಿಗಳೇ ಅವನನ್ನು ಕಚ್ಚಿದವು. ಆಳುಗಳ ಮನೆಸಾಲಾದ ಲೈನಿನಲ್ಲಿ ಇನ್ನೂ ನಾಲ್ಕು ವರ್ಷ ಅವನು ಯಾರದೋ ಹೆಸರಿಗೆ ಓಗೊಡುತ್ತ ಬದುಕಿದ್ದ.

ಅವಳು ಪುಟಗಳನ್ನು ಮುಚ್ಚಿಟ್ಟಳು. ಹರಿಯಲಿಲ್ಲ.

ಮಳೆ ಬಿದ್ದು ಎಂಟನೆಯ ದಿನಕ್ಕೆ ತೋಟ ಅರಳಿತು. ಒಂದೇ ಬೆಳಗ್ಗೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿ ನಿಂತಿತು. ಮಲ್ಲಿಗೆಯಂಥ ಪರಿಮಳ ಬೆಳಿಗ್ಗೆ ಹಿತವಾಗಿತ್ತು. ಬಿಸಿಲೇರಿದಂತೆ ಗಂಟಲಿಗಿಳಿಯಿತು. ಜೇನುಗಳ ಮೊರೆತ ಎಷ್ಟು ಗಾಢವೆಂದರೆ ಅದು ಕಿವಿಯೊಳಗಿನದೋ ಹೊರಗಿನದೋ ತಿಳಿಯುತ್ತಿರಲಿಲ್ಲ. ಪಂಚಮಿ ತಾರಂಬಿ ಸಾಲಿಗೆ ಇಳಿದಳು. ಕಾಫಿ ಗಿಡ ಹೂ ಬಿಡಲು ಮೂರು ವರ್ಷ ಬೇಕು. ಹನ್ನೊಂದು ದಿನದ ಹಿಂದೆ ನೆಟ್ಟ ಮೊಣಕಾಲೆತ್ತರದ ಆ ಗಿಡ, ಬುಡದಿಂದ ತುದಿಯವರೆಗೆ, ಎಲೆಯೇ ಕಾಣದಂತೆ ಹೂವಾಗಿತ್ತು. ಅದರ ಮೇಲೊಂದೂ ಜೇನು ಕೂತಿರಲಿಲ್ಲ.

ನಂಜಮ್ಮ ನಾಲ್ಕು ಸಾಲು ಆಚೆ ನಿಂತಿದ್ದಳು. ಹತ್ತಿರ ಬರಲಿಲ್ಲ.

"ಶುರುವಾಯ್ತಾ?" ಎಂದಳು.

ಪಂಚಮಿ ತಲೆಯಾಡಿಸಿದಳು.

"ಹೂವು ಕಂದೋದ್ರೊಳಗೆ ಕಿತ್ತು ಹಾಕಿ. ಇಟ್ಟ ಕೈಯೇ ಕೀಳ್ಬೇಕು, ನಾನು ಕಿತ್ರೆ ಆಗಲ್ಲ. ಕಾಯಿ ಕಚ್ಚಿದ ಮೇಲೆ ಬ್ರಹ್ಮ ಬಂದ್ರೂ ಇಲ್ಲ." ಒಂದು ಹೆಜ್ಜೆ ಹಿಂದೆ ಸರಿದು ಹೇಳಿದಳು. "ಈಗ್ಲೇ ಕೀಳಿ ಅಮ್ಮಾರೆ. ನಾಳೆ ಅನ್ಬೇಡಿ."

ಪಂಚಮಿ ಬಗ್ಗಿ ಗಿಡದ ಬುಡ ಹಿಡಿದಳು. ಹಿಡಿದೇ ನಿಂತಳು.

ಮರುದಿನ ಭಾನುವಾರ. ನಲವತ್ತು ಜನ ಅತಿಥಿಗಳು. ಈ ಸಾಲಿನ ತಲೆಯಲ್ಲಿ ನಿಂತು ಮುಕ್ಕಾಲು ಗಂಟೆ ಅವಳು ಮಾತಾಡಬೇಕಿತ್ತು. ಕೆಲಸ ಒಪ್ಪಿಕೊಂಡ ದಿನದಿಂದ ಆ ಮುಕ್ಕಾಲು ಗಂಟೆ ಎದೆಯ ಮೇಲೆ ಕಲ್ಲಿನಂತೆ ಕೂತಿತ್ತು. ಹೂವು ಕಂದಲು ಎರಡು ಮೂರು ದಿನವಾದರೂ ಬೇಕೆಂದು ಸುಪ್ರೀತನೇ ಹೇಳಿದ್ದ. ಒಂದು ದಿನ. ನಾಳೆ ಒಂದು ದಿನ ಆ ಇನ್ನೊಬ್ಬಳೇ ಮಾತಾಡಲಿ. ಚೆನ್ನಾಗಿ ಮಾತಾಡುತ್ತಾಳಲ್ಲ. ಮಧ್ಯಾಹ್ನ ಬಂದು ಕಿತ್ತರಾಯಿತು.

ಬುಡದಿಂದ ಕೈ ತೆಗೆದಳು. ನೋಡುತ್ತಿದ್ದ ನಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ಭಾನುವಾರ ಹತ್ತು ಗಂಟೆಗೆ ಪಂಚಮಿ ಪಲ್ಪರ್ ಹೌಸಿನೊಳಗೆ ಹೋಗಿ ಕೂತಳು. ತಗಡಿನ ಮಾಡಿನ ಕೆಳಗೆ ಹಗಲಲ್ಲೂ ಕತ್ತಲೆ, ಕಳೆದ ವರ್ಷದ ಸಿಪ್ಪೆಯ ಹುಳಿವಾಸನೆ. ಗೋಡೆಯ ಬಿರುಕಿನಿಂದ ಬಿಳಿ ಸಾಲು ಕಾಣುತ್ತಿತ್ತು. ಜನ ಬಂದ ಸದ್ದಾಯಿತು. ಆಮೇಲೆ ಆ ಇನ್ನೊಬ್ಬಳ ದನಿ ಕೇಳಿಸಿತು.

ಪಂಚಮಿಯದೇ ದನಿ. ಆದರೆ ಎಲ್ಲೂ ತಡವರಿಸದ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವ ದನಿ. ದೊರೆಯ ಕುದುರೆಗೆ ಜನ ನಕ್ಕರು. ಜ್ವರದ ವರ್ಷಕ್ಕೆ ಸುಮ್ಮನಾದರು. ಕರಿಯನ ತಾಯಿ ಹಾಜರಿಯ ಸಾಲಿನಲ್ಲಿ ನಿಂತು ಮಗನ ಹೆಸರಿಗೆ ಬೇರೊಬ್ಬನ ದನಿ ಕೇಳಿದ್ದನ್ನು ಹೇಳುವಾಗ ಯಾರೋ ಮೂಗು ಸೇದುವುದು ಕೇಳಿಸಿತು. ಕತ್ತಲಲ್ಲಿ ಪಂಚಮಿಯ ಕಣ್ಣೂ ತುಂಬಿತು. ನಾಚಿಕೆಯೋ ಹೆಮ್ಮೆಯೋ ತಿಳಿಯದ ಏನೋ ಒಂದು. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಜನ ಕಾಫಿಗೆಂದು ಬಂಗಲೆಯ ಕಡೆ ಸರಿದರು. ಮಾತಾಡಿದವಳು ಮಾತ್ರ ಉಳಿದಳು. ಪಂಚಮಿಯ ಹಸಿರು ದುಪಟ್ಟಾ ಹೊದ್ದು, ಬೆನ್ನು ಮಾಡಿ ನಿಂತು, ಒಂದು ಹೂ ಕಿತ್ತು ಮೂಸುತ್ತಿದ್ದಳು. ಪಂಚಮಿ ಹೊರಗೆ ಬಂದಳು. ಬೆಳಕಿಗೆ ಕಣ್ಣು ಕುಕ್ಕಿತು. ಒಣಗಿದೆಲೆಯ ಸದ್ದಿಗೆ ದುಪಟ್ಟಾದವಳು ತಿರುಗಿದಳು.

ರಕ್ತವಿರಲಿಲ್ಲ, ಕೋರೆಯಿರಲಿಲ್ಲ. ಕನ್ನಡಿಯಲ್ಲಿ ದಿನವೂ ಕಂಡ ಮುಖ. ಆದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮುಖ. ಆ ಮುಖ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗುರುತಿಲ್ಲದವರನ್ನು ಮಾತಾಡಿಸುವ ಹಾಗೆ ನಕ್ಕಿತು.

"ಏನಮ್ಮ? ಯಾರು ಬೇಕಿತ್ತು?"

ಪಂಚಮಿ ಆ ದುಪಟ್ಟಾದ ಅಂಚಿಗೆ ಕೈ ಚಾಚಿದಳು.

"ಕೆಲಸ ಕೇಳೋಕೆ ಬಂದ್ರಾ? ಹಾಜರಿ ಬರೆಯೋ ರೈಟ್ರು ಆ ಕಡೆ ಇದಾರೆ ನೋಡಿ" ಎಂದಳು ಅವಳು, ತುಂಬ ಕನಿಕರದಿಂದ. ದುಪಟ್ಟಾ ಸರಿಮಾಡಿಕೊಂಡು ಬಂಗಲೆಯ ದಾರಿ ಹಿಡಿದಳು.

ಪಂಚಮಿ ಓಡಿದಳು. ಸಾಲಿನೊಳಕ್ಕೆ. ಹತ್ತು. ಹದಿನೈದು. ರೆಂಬೆ ಕೆನ್ನೆಗೆ ಬಡಿಯಿತು. ಹೂವು ಬಾಯಿಗೆ ಬಿತ್ತು. ಕಹಿ. ಇಪ್ಪತ್ತಾರು. ಜೇನಿನ ಮೊರೆತ. ಚಪ್ಪಲಿ ಕಳಚಿತು. ಮೂವತ್ತು. ನಿಲ್ಲಲಿಲ್ಲ. ಎರಡೂ ಕಡೆ ಬಿಳಿ. ಕಣ್ಣು ತುಂಬ ಬಿಳಿ. ನಲವತ್ತು.

ಅಲ್ಲಿ ಬಿಳಿ ಇರಲಿಲ್ಲ.

ಸಾಲಿನಲ್ಲಿ ಐವತ್ತೊಂಬತ್ತು ಗಿಡ ಇನ್ನೂ ಅರಳಿಯೇ ನಿಂತಿದ್ದವು. ಅದೊಂದು ಮಾತ್ರ ಕಂದಿತ್ತು. ಒಂದೇ ಹಗಲಲ್ಲಿ. ಬೆಂಕಿ ತಾಗಿದಂತೆ. ಅವಳು ಮಂಡಿಯೂರಿದಳು. ಬುಡ ಹಿಡಿದಳು. ಎಳೆದಳು. ಬರಲಿಲ್ಲ. ಮಣ್ಣು ಕೆದಕಿದಳು. ಉಗುರು ಸೀಳಿತು. ಹನ್ನೆರಡು ದಿನದ ಗಿಡಕ್ಕೆ ಮೊಳದುದ್ದದ ಬೇರು. ಇನ್ನೂ ಕೆಳಗೆ. ಇನ್ನೂ. ಕೊಳೆತ ಕರ್ಪೂರದ ವಾಸನೆ. ಬೆರಳಿಗೆ ತಣ್ಣನೆಯದೇನೋ ತಾಗಿತು. ಸೀಸದ ತಗಡು. ಬೇರು ಅದನ್ನು ತೂತು ಮಾಡಿಕೊಂಡು ಇಳಿದಿತ್ತು. ಅವಳು ಅರಚಿದಳು. ಎಳೆದಳು. ಕಿತ್ತು ಬಂತು.

ಹಿಂದಕ್ಕೆ ಬಿದ್ದಳು. ಗಿಡ ಎದೆಯ ಮೇಲಿತ್ತು. ಕಂದಿದ ಹೂವುಗಳು ಉದುರಿ ಕುತ್ತಿಗೆಗೆ ಅಂಟಿದವು. ಹೂವಿದ್ದ ಒಂದೊಂದು ಗೆಣ್ಣಿನಲ್ಲೂ ಸಾಸಿವೆಯಷ್ಟು ಹಸಿರು. ಕಾಯಿ ಕಚ್ಚಿತ್ತು.

ಬಂಗಲೆಗೆ ಹೋಗುವಷ್ಟರಲ್ಲಿ ಎರಡು ಗಂಟೆಯಾಗಿತ್ತು. ಅವಳ ರೂಮಿನ ಬಾಗಿಲು ತೆರೆದಿತ್ತು. ಚೀಲವಿಲ್ಲ, ಫೋನಿಲ್ಲ, ಕರಡಿನ ಪುಟಗಳಿಲ್ಲ, ಹಾಸಿಗೆ ಮಡಚಿ ಇಟ್ಟಿತ್ತು. ಪಾಪಮ್ಮ ಕಸ ಗುಡಿಸುತ್ತಿದ್ದವಳು, ಒಳಗೆಲ್ಲ ಬರಬಾರದು ಎಂದು ಪೊರಕೆಯಲ್ಲೇ ದಾರಿ ತೋರಿಸಿದಳು. ಜಗಲಿಯಲ್ಲಿ ಸುಪ್ರೀತ್ ಜೀಪಿನಿಂದ ಇಳಿಯುತ್ತಿದ್ದ. ಪಂಚಮಿ ಎಲ್ಲಿ ಎಂದು ಅವಳು ಕೇಳಿದಳು. ಬೇರೇನು ಕೇಳಬೇಕೆಂದು ತಿಳಿಯಲಿಲ್ಲ. ಮೇಡಂ ಪುಸ್ತಕ ಮುಗಿಸಿಕೊಟ್ಟು ಊರಿಗೆ ಹೋದರು, ಈಗಷ್ಟೇ ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿಸಿ ಬಂದೆ ಎಂದು ಅವನು ಅವಳ ತಲೆಯ ಮೇಲಿಂದ ಎಲ್ಲೋ ನೋಡುತ್ತ ಹೇಳಿದ. ನಾನೇ ಪಂಚಮಿ ಎಂದಳು. ಇನ್ನೊಮ್ಮೆ ಹೇಳಿದಳು. ಅವನು ನಗಲೂ ಇಲ್ಲ, ಬೈಯಲೂ ಇಲ್ಲ. ಯಾರ ಮನೆಯ ಆಳು ಇವಳು, ಹುಷಾರಿಲ್ಲವೇನೋ ನೋಡಿ ಎಂದು ಯಾರಿಗೋ ಹೇಳಿ ಒಳಗೆ ಹೋದ.

ಅವಳನ್ನು ಕೈಹಿಡಿದು ಲೈನಿಗೆ ಕರೆದುಕೊಂಡು ಹೋದವಳು ನಂಜಮ್ಮ. ಆಳುಗಳ ಹನ್ನೆರಡು ಮನೆಗಳ ಆ ಸಾಲಿನ ಕೊನೆಯ ಮನೆ ಅವಳದು. ನೀರು ಕೊಟ್ಟಳು. ಕೇಳುವ ಮೊದಲೇ ತನ್ನ ಪುಟ್ಟ ಫೋನು ಕೊಟ್ಟಳು.

ಸಂಜೆ ಏಳು ಗಂಟೆಯಾಗಿತ್ತು. ಅಮ್ಮ ಎರಡನೆಯ ರಿಂಗಿಗೇ ಎತ್ತಿದಳು.

"ಅಮ್ಮಾ, ನಾನು."

"ಯಾರಮ್ಮ?"

"ಅಮ್ಮಾ, ಪಂಚೂ. ನಾನು ಪಂಚೂ ಕಣಮ್ಮ."

ಆ ಕಡೆ ಕುಕ್ಕರಿನ ಸದ್ದು ಕೇಳಿಸುತ್ತಿತ್ತು. ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ತರಗತಿಯಲ್ಲಿ ತಪ್ಪು ಬೆಂಚಿಗೆ ಕೂತ ಮಗುವನ್ನು ಎಬ್ಬಿಸುವಾಗಿನ ತಾಳ್ಮೆ ಇತ್ತು. "ಪಂಚೂ ಈಗಷ್ಟೇ ಬಂದು ಕೂತಿದ್ದಾಳಲ್ಲಮ್ಮ. ನಿಂಗೆ ಯಾವ ನಂಬರ್ ಬೇಕಿತ್ತು?"

ಹಿಂದಿನಿಂದ, ಸ್ವಲ್ಪ ದೂರದಿಂದ, ಅವಳದೇ ದನಿ ಕೇಳಿತು. ಯಾರಮ್ಮ ಅದು, ಹೀಗೆ ಹೊತ್ತು ಗೊತ್ತಿಲ್ದೆ? ಅಮ್ಮ ನಕ್ಕಳು. ಪಂಚಮಿ ಹುಟ್ಟಿದಾಗಿನಿಂದ ಕೇಳಿರದಂಥ ತುಂಬಿದ ನಗು. ಕರೆ ಕಟ್ಟಾಯಿತು.

ನಂಜಮ್ಮ ಒಲೆಯ ಮುಂದೆ ಕೂತಿದ್ದಳು. ಸೌದೆ ಸರಿಮಾಡಿದಳು.

"ನಾನು ಇಲ್ಲಿಗೆ ರೈಟ್ರ ಹೆಂಡ್ತಿಯಾಗಿ ಬಂದಿದ್ದೆ" ಎಂದಳು. ಈಗ ಅವಳ ಬಾಯಲ್ಲಿ ಅಮ್ಮಾರೆ ಇರಲಿಲ್ಲ. "ಮೂವತ್ತೆಂಟು ವರ್ಷ ಆಯ್ತು. ಖಾಲಿ ಗುಂಡಿ ಕಂಡು ಒಂದು ಗುಲಾಬಿ ಕಡ್ಡಿ ಊರಿದ್ದೆ, ಚೆಂದಕ್ಕೆ. ಗೋಣಿಬೀಡಲ್ಲಿ ನನ್ನ ಗಂಡನ ಮನೇಲಿ ನಾನಿನ್ನೂ ಇದೀನಿ ಕಣೆ ಮಗಾ. ಮೊಮ್ಮಕ್ಕಳನ್ನ ಆಡಿಸ್ತೀನಂತೆ."

ಪಂಚಮಿ ಅವಳನ್ನು ನೋಡಿದಳು. ಹಾಗಾದರೆ ನಂಜಮ್ಮ ಅನ್ನುವ ಹೆಸರು ಯಾರದು?

"ಬೆಳಿಗ್ಗೆ ಹಾಜರಿ ಕೂಗ್ತಾರೆ. ಬಾರದವರ ಹೆಸರು ಬಂದಾಗ ಓಗೊಟ್ರೆ ನಿಂಗೊಂದು ಜಾಗ ಸಿಗ್ತದೆ. ಇಲ್ದಿದ್ರೆ ನಾಳೆಯಿಂದ ಯಾರ ಕಣ್ಣಿಗೂ ಬೀಳಲ್ಲ, ಓಗೊಟ್ರೆ ಕಾಣ್ತೀಯ. ಉಣ್ಣೋಕೆ ಕರೀತಾರೆ." ಬೆಂಕಿಯ ಕಡೆ ಮುಖ ಮಾಡಿದಳು. "ಆ ನಂಜಮ್ಮ ಅವತ್ತು ತಂಗಿ ಮದುವೆಗೆ ಅಂತ ಊರಿಗೆ ಹೋಗಿದ್ಲು. ಆಮೇಲೆ ಏನಾದ್ಲು ಅಂತ ನಾನು ಕೇಳ್ಲಿಲ್ಲ. ನೀನು ಓಗೊಡಬೇಡ. ನನ್ನ ಹಂಗೆ ಮಾಡ್ಬೇಡ. ಹೆಂಗೋ ಇರ್ಬಹುದು."

ಬೆಳಿಗ್ಗೆ ಏಳೂವರೆಗೆ ಕಾಫಿ ಒಣಗಿಸುವ ಕಣದಲ್ಲಿ ಆಳುಗಳು ಸಾಲಾಗಿ ನಿಂತರು. ಪಂಚಮಿ ಸಾಲಿನ ತುದಿಯಲ್ಲಿ ನಿಂತಳು. ಪಕ್ಕದವಳು ತನ್ನ ಬುತ್ತಿಯ ಚೀಲವನ್ನು ಅವಳ ಪಾದದ ಮೇಲೇ ಇಟ್ಟಳು, ಅಲ್ಲಿ ಯಾರೂ ಇಲ್ಲವೆಂಬಂತೆ. ರೈಟರು ರೇಣುಕಪ್ರಸಾದ್ ಕನ್ನಡಕ ಏರಿಸಿ ಹೆಸರು ಓದತೊಡಗಿದರು. ಒಂದೊಂದು ಹೆಸರಿಗೂ ಒಂದು ದನಿ ಎದ್ದು ಕೂತಿತು. ನಾಗೇಶ. ಇದೀನಿ. ಭೂತಯ್ಯ. ಇದೀನಿ. ನಂಜಮ್ಮ. ಇದೀನಿ.

"ರೇವತಿ."

ಯಾರೂ ಮಾತಾಡಲಿಲ್ಲ. ಬಾಣಂತನಕ್ಕೆ ಹೋದವಳು, ಇನ್ನೂ ಎರಡು ತಿಂಗಳು ಬರುವುದಿಲ್ಲ ಎಂದು ಯಾರೋ ಗೊಣಗಿದರು. ರೈಟರು ಅಭ್ಯಾಸದಂತೆ ಇನ್ನೊಮ್ಮೆ ಕೂಗಿದರು.

"ರೇವತಿ."

ಕಣದ ಮೇಲೆ ಇಬ್ಬನಿ ಆರುತ್ತಿತ್ತು. ನಿನ್ನೆಯಿಂದ ಯಾರೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ನಾಳೆ ಕರೆಯುವುದಿಲ್ಲ. ನಾಡಿದ್ದೂ ಇಲ್ಲ. ರೈಟರ ಪೆನ್ನು ಆ ಹೆಸರಿನ ಮುಂದೆ ಗೀಟು ಎಳೆಯಲು ಕೆಳಗಿಳಿಯುತ್ತಿತ್ತು. ಸಾಲಿನ ನಡುವಿನಿಂದ ನಂಜಮ್ಮ ಅವಳನ್ನೇ ನೋಡುತ್ತ, ಬೇಡ ಎಂದು ಮೆಲ್ಲಗೆ ತಲೆಯಾಡಿಸುತ್ತಿದ್ದಳು.

"ಇದೀನಿ" ಎಂದಳು ಪಂಚಮಿ.

ಪೆನ್ನು ಗುರುತು ಹಾಕಿತು. ಪಕ್ಕದವಳು ಅವಳ ಪಾದದ ಮೇಲಿನ ಚೀಲ ತೆಗೆದು, ಅಯ್ಯೋ ನೋಡ್ಲಿಲ್ಲ ಕಣೆ ರೇವತಿ, ನೋವಾಯ್ತಾ ಎಂದು ಕೇಳಿದಳು.

ಕಳಸದ ಆಚೆಯ ತವರುಮನೆಯಲ್ಲಿ ಅದೇ ಹೊತ್ತಿಗೆ ರೇವತಿ ಎಂಟು ದಿನದ ಕೂಸಿಗೆ ಹಾಲೂಡುತ್ತಿದ್ದಳು. ಬಾಣಂತಿಗೆ ಕಷಾಯ ಹಿಡಿದು ಬಂದ ಅವಳ ತಾಯಿ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿದ್ದ ಲೋಟವನ್ನು ನೋಡಿದಳು, ಹಾಸಿಗೆಯ ಮೇಲೆ ಕೂತವಳನ್ನು ನೋಡಿದಳು.

"ಯಾರಮ್ಮ ನೀನು?" ಎಂದಳು. "ಕೂಸನ್ನ ಕೆಳಗಿಡು."